ಅಂದಾನಪ್ಪನವರ ಎರಡು ಕೀಲಿಯ ಉಗ್ರಾಣ

ರೋಣದಲ್ಲಿ ಮದುವೆ ನಿಶ್ಚಯವಾದ ಮನೆಯಲ್ಲಿ ಲಗ್ನಪತ್ರಿಕೆ ಅಚ್ಚಾಗುವುದಕ್ಕೂ ಮೊದಲು ತೀರ್ಮಾನವಾಗಬೇಕಾದ ವಿಷಯ ಒಂದಿರುತ್ತದೆ. ಉಗ್ರಾಣದ ಚಾವಿ ಯಾರ ಸೊಂಟದಲ್ಲಿ? ವರ ಯಾರೆಂಬುದು ಎರಡು ಮನೆಗೆ ಸಂಬಂಧಪಟ್ಟ ಸಂಗತಿ. ಉಗ್ರಾಣ ಯಾರದೆಂಬುದು ಇಡೀ ಬಳಗಕ್ಕೆ ಸಂಬಂಧಪಟ್ಟದ್ದು. ಬೆಲ್ಲ, ತುಪ್ಪ, ಬುಂದೇ ಉಂಡಿ, ಶೇಂಗಾ ಹೋಳಿಗೆ ಎಲ್ಲವೂ ಆ ಚಾವಿಯ ಹಿಂದೆ ಕೂತಿರುತ್ತವೆ. ಚಾವಿ ಹಿಡಿದವನನ್ನು ಮದುವೆ ಮುಗಿಯುವ ತನಕ ಎಲ್ಲರೂ ಹುಡುಕುತ್ತಾರೆ. ಮದುಮಗನನ್ನು ಅಷ್ಟು ಯಾರೂ ಹುಡುಕುವುದಿಲ್ಲ.

ಅಂದಾನಪ್ಪನವರಿಗೆ ಈ ಚಾವಿಯ ಮೇಲೆ ಬಹಳ ದಿನದಿಂದ ಕಣ್ಣಿತ್ತು. ಅವರು ಮೂವತ್ತು ವರ್ಷ ಊರಿನ ಹೊರಗೆ ನೌಕರಿ ಮಾಡಿದವರು. ಬಳಗದ ಮದುವೆಗಳಿಗೆ ಅಕ್ಕಿಕಾಳು ಬೀಳುವ ಹೊತ್ತಿಗೆ ಬಂದು, ಉಂಡು, ಕೈ ತೊಳೆದ ತೇವ ಆರುವುದರೊಳಗೆ ಬಸ್‌ಸ್ಟ್ಯಾಂಡಿನಲ್ಲಿರುತ್ತಿದ್ದರು. ನಿವೃತ್ತಿಯಾಗಿ ಹೆಂಡತಿ ಕಳಕವ್ವನೊಡನೆ ರೋಣಕ್ಕೆ ಬಂದು ನೆಲೆಸಿದ ಮೇಲೂ ಯಾರೂ ಅವರಿಗೆ ಒಂದು ಕೆಲಸ ಹಚ್ಚಲಿಲ್ಲ. "ನೀವು ದೊಡ್ಡ ಸಾಹೇಬ್ರು, ಕುಂಡ್ರ್ರಿ" ಎಂದು ಕುರ್ಚಿ ಕೊಡುತ್ತಿದ್ದರು. ಕುರ್ಚಿ ಕೊಡುವುದೆಂದರೆ ನಮ್ಮ ಕಡೆ ಕೆಲಸಕ್ಕೆ ಬಾರದವರನ್ನು ದಾರಿಯಿಂದ ಸರಿಸುವ ಅತ್ಯಂತ ಗೌರವದ ವಿಧಾನ.

ಅವರ ನೌಕರಿಯೂ ಬಳಗದವರಿಗೆ ತಿಳಿಯುವಂಥದ್ದಾಗಿರಲಿಲ್ಲ. ಅಣುವಿದ್ಯುತ್ತಿಗೆ ಬೇಕಾದ ಇಂಧನವನ್ನು ತಯಾರಿಸುವ ಕಾರ್ಖಾನೆಗಳು, ಯುರೇನಿಯಂ ಇಡುವ ಉಗ್ರಾಣಗಳು ನಿಯಮದಂತೆ ನಡೆಯುತ್ತಿವೆಯೋ ಇಲ್ಲವೋ ಎಂದು ತಪಾಸಣೆ ಮಾಡುವ ಸರ್ಕಾರಿ ಅಧಿಕಾರಿ ಅವರು. ತಯಾರಿಸುವವರು ಬೇರೆ, ಇವರು ಬೇರೆ. ಇವರ ಕೆಲಸ ಹೋಗುವುದು, ನೋಡುವುದು, "ಇದು ಇಲ್ಲಿ ಯಾಕಿದೆ?" ಎಂದು ಕೇಳುವುದು.

ಪೇಟೆಯಲ್ಲಿ ಕಡಲೆ, ಹತ್ತಿಯ ದಲಾಲಿ ಅಂಗಡಿ ಇಟ್ಟುಕೊಂಡಿದ್ದ ಅವರ ತಮ್ಮ ಬಸವಪ್ರಸಾದ ಒಮ್ಮೆ ನೇರವಾಗಿಯೇ ಕೇಳಿದ್ದ.

"ಅಲ್ಲೋ ಅಣ್ಣಾ, ಮೂವತ್ತ್ ವರ್ಷ ನೀ ಅಲ್ಲಿ ಏನ್ ಮಾಡ್ದಿ?"

"ಏನೂ ಆಗದಂಗ ನೋಡ್ಕೊಂಡೆ."

"ಆತೇನು ಏನರೆ?"

"ಏನೂ ಆಗಲಿಲ್ಲ."

"ಮತ್ತ ಪಗಾರ ಯಾತಕ್ಕ ಕೊಟ್ರು?"

ಈ ಪ್ರಶ್ನೆಗೆ ಅಂದಾನಪ್ಪನವರ ಬಳಿ ಒಂದು ಕಥೆಯಿತ್ತು. ಒಂದು ಕಾರ್ಖಾನೆಯಲ್ಲಿ ಯುರೇನಿಯಂ ದ್ರವ ಹರಿಯುವ ಕೊಳವೆಯ ಕೆಳಗೆ ಯಾರೋ ನೆಲ ಒರೆಸುವ ಬಕೆಟ್ ಇಟ್ಟಿದ್ದರು. ಅಂದಾನಪ್ಪನವರು ಅಲ್ಲಿನ ಕೆಲಸವನ್ನೇ ನಿಲ್ಲಿಸಿದರು. ಸಮೃದ್ಧಗೊಳಿಸಿದ ಯುರೇನಿಯಂ ದ್ರವ ಉದ್ದನೆಯ ಸಪೂರ ಪಾತ್ರೆಯಲ್ಲಿದ್ದರೆ ಸುಮ್ಮನಿರುತ್ತದೆ. ಅದೇ ದ್ರವ ಅಗಲ ಬಾಯಿಯ ಬಕೆಟ್ಟಿನಲ್ಲಿ ಒಟ್ಟುಗೂಡಿತೆಂದರೆ ಒಳಗೊಳಗೇ ಕೆರಳಿ, ಕಣ್ಣು ಮಿಟುಕಿಸುವುದರೊಳಗೆ ಎದುರಿಗಿದ್ದವರ ಜೀವಕ್ಕೆ ಸಂಚಕಾರ ತರಬಲ್ಲದು. ಯುರೇನಿಯಂ ತುಂಬಿದ ಡಬ್ಬಿಗಳೂ ಅಷ್ಟೇ. ಒಂದೊಂದೇ ಇದ್ದಾಗ ಸಾಧು, ಅಂತರ ಬಿಡದೆ ಗುಂಪುಗೂಡಿಸಿದರೆ ಪುಂಡು. ನೀರು ಸೇರಿದರಂತೂ ಕೇಳುವುದೇ ಬೇಡ. ಇದನ್ನೆಲ್ಲ ಅವರು ಕಣ್ಣರಳಿಸಿ ಹೇಳಿ ಮುಗಿಸಿದಾಗ ಬಳಗದವರ ತಲೆಯಲ್ಲಿ ಉಳಿದದ್ದು ಒಂದೇ ಮಾತು: ಇವರು ಬಕೆಟ್ ನೋಡಿ ಕಾರ್ಖಾನೆ ಬಂದ್ ಮಾಡಿಸಿದವರು. ಅಂದಿನಿಂದ ಬೆನ್ನ ಹಿಂದೆ ಅವರ ಹೆಸರು ಬಕೆಟ್ ಸಾಹೇಬರು.

ಹೀಗಿರುವಾಗ ಬಸವಪ್ರಸಾದನ ಮಗಳು ಉಮಾಶ್ರೀಯ ಮದುವೆ ಗಜೇಂದ್ರಗಡದ ಕಳಕೇಶನೊಡನೆ ಗೊತ್ತಾಯಿತು. ಚಾವಿಯ ಚರ್ಚೆ ಎದ್ದಿತು. ಬಸವಪ್ರಸಾದ ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಮಾತಾಡುತ್ತಿದ್ದಾಗ ಉಮಾಶ್ರೀ ನಡುವೆ ಬಾಯಿ ಹಾಕಿದಳು.

"ಉಗ್ರಾಣಕ್ಕ ದೊಡ್ಡಪ್ಪ ಕುಂಡ್ರಬೇಕು. ಇಲ್ಲಾಂದ್ರ ನಾ ಹಸೀಮಣಿ ಮ್ಯಾಲೆ ಕುಂಡ್ರಂಗಿಲ್ಲ."

"ಅವಗ ಕುರ್ಚಿ ಹಾಕ್ಸೇನಿ ಬಿಡವಾ, ಕುಶನ್ನಿಂದು."

"ಕುರ್ಚಿ ಬ್ಯಾಡ ಅಪ್ಪಾ. ಚಾವಿ ಕೊಡು."

ಬಸವಪ್ರಸಾದ ಚಾವಿ ಕೊಟ್ಟ. ಕೊಡುವಾಗ ಅಣ್ಣನ ಕಿವಿಯಲ್ಲಿ, "ನೋಡಣ್ಣಾ, ಗಜೇಂದ್ರಗಡದಾವ್ರು ಊಟದ ವಿಷಯದಾಗ ಭಾಳ ಸೂಕ್ಷ್ಮ ಮಂದಿ. ಬಾಯಿ ಸಿಹಿ ಆಗೂದು ತಡಾ ಆದ್ರ ಜೀವನಪೂರ್ತಿ ಆಡ್ಕೋತಾರ. ಒಂದ್ ತಾಸು ಎಡವಟ್ಟಾತಂದ್ರ ಚಾವಿ ನನ್ನ ಕಡೆ, ಕುರ್ಚಿ ನಿನ್ನ ಕಡೆ" ಎಂದ.

ಅಂದಾನಪ್ಪನವರು ಚಾವಿಯನ್ನು ಉಡಿದಾರಕ್ಕೆ ಕಟ್ಟಿಕೊಂಡರು. ನಿವೃತ್ತಿಯ ದಿನ ಹಾಕಿದ ಹಾರಕ್ಕೆ ಅವರ ಕಣ್ಣು ಒದ್ದೆಯಾಗಿರಲಿಲ್ಲ, ಇದಕ್ಕೆ ಆಯಿತು.

ಆಮೇಲೆ ಶುರುವಾಯಿತು ತಪಾಸಣೆ. ಅಡುಗೆಯ ತಂಡದ ಮುಖ್ಯಸ್ಥೆ ನಿರ್ಮಲಾ. ರೋಣ, ನರಗುಂದ, ಗಜೇಂದ್ರಗಡ ಮೂರೂ ತಾಲೂಕಿನ ಮದುವೆಗಳಲ್ಲಿ ಹೋಳಿಗೆ ಬಡಿದ ಕೈ. ಅವಳ ಒಲೆಯ ಬಾಗಿಲಲ್ಲಿ ಅಂದಾನಪ್ಪನವರು ತೆಳ್ಳನೆಯ ಕಾಗದದ ಪಟ್ಟಿಯೊಂದನ್ನು ಬೆರಳ ತುದಿಯಲ್ಲಿ ಹಿಡಿದು ನಿಂತರು.

"ಏನ್ ಮಾಡಾಕತ್ತೀರಿ ಸಾಹೇಬ್ರ?"

"ಗಾಳಿ ಯಾ ಕಡೆ ಹೊಂಟೈತಿ ನೋಡಾಕತ್ತೇನಿ. ಪುಡಿ ಇರೋ ಖೋಲಿಯೊಳಗ ಗಾಳಿ ಒಳಗ ಬರಬೇಕು, ಹೊರಗ ಹೋಗಬಾರದು. ಕಾರ್ಖಾನ್ಯಾಗ ಇದs ಮೊದಲನೇ ತಪಾಸಣಿ."

"ಒಗ್ಗರಣಿ ಹಾಕೇನ್ರಿ, ಎದುರಿನ ಮನೀ ಮುಂದಿನ ನಾಯಿ ಸೀನಾಕತ್ತೈತಿ. ಗಾಳಿ ಯಾ ಕಡೆ ಅಂತ ಅದನ್ನs ಕೇಳ್ರಿ."

ಅಲ್ಲಿಗೆ ನಿಲ್ಲಲಿಲ್ಲ. ಅಡುಗೆಮನೆಯಿಂದ ಹೊರಗೆ ಹೋಗುವ ಪ್ರತಿಯೊಬ್ಬರೂ ಅಂಗೈ, ಅಂಗಾಲು ತೋರಿಸಿ ಹೋಗಬೇಕೆಂದು ಅಪ್ಪಣೆಯಾಯಿತು. ಕೈಗೆ ಏನೂ ಅಂಟಿಲ್ಲ ಎಂದು ಖಾತ್ರಿಯಾಗಬೇಕಲ್ಲ! ನಿರ್ಮಲಾಳ ತಂಡದ ಹೆಂಗಸರು ಹಿಟ್ಟಿನ ಕೈಯನ್ನೇ ಮುಂದೆ ಚಾಚಿ, "ಹೋಗಬಹುದೇನ್ರಿ ಸಾಹೇಬ್ರ?" ಎಂದು ಕೇಳಿ, ಗೋಡೆಯ ಆಚೆ ಹೋಗಿ ಬಿದ್ದು ಬಿದ್ದು ನಗುತ್ತಿದ್ದರು.

ನಿಜವಾದ ಹೊಸತನ ಬಂದದ್ದು ಉಂಡಿ, ಹೋಳಿಗೆ ತಯಾರಾದ ಮೇಲೆ. ಹಿಂದಿನ ವರ್ಷ ಸವಡಿಯ ನೆಂಟರ ಮದುವೆಯಲ್ಲಿ ಸಿಹಿಯೆಲ್ಲ ಒಂದೇ ಕೋಣೆಯಲ್ಲಿದ್ದು, ಇರುವೆ ನುಗ್ಗಿ, ಬೀಗರು ಬರೀ ಅನ್ನ ಸಾರು ಉಂಡು ಎದ್ದಿದ್ದರು. ಅಂದಾನಪ್ಪನವರು ಆ ಮದುವೆಯನ್ನು ಉದಾಹರಣೆಯಾಗಿ ಎತ್ತಿಕೊಂಡು ಘೋಷಿಸಿದರು: "ಒಂದs ಕಡೆ ಗುಂಪುಗೂಡಿಸೂದು ಅಂದ್ರನs ಅಪಾಯ. ಹಂಚಿ ಇಡಬೇಕು."

ಹಂಚಿದರು. ಓಣಿಯ ಏಳು ಮನೆಗಳ ಒಳಕೋಣೆಗಳನ್ನು ಆರಿಸಿದರು. ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ದುಂಡು ಗೆರೆ ಎಳೆದು, ಗೆರೆಗೊಂದರಂತೆ ಸಿಹಿ ತುಂಬಿದ ಅಗಲ ತಟ್ಟೆ, ಪರಾತ ಇಟ್ಟರು. ಪರಾತಕ್ಕೂ ಪರಾತಕ್ಕೂ ನಡುವೆ ಒಬ್ಬ ಮನುಷ್ಯ ಮಲಗುವಷ್ಟು ಜಾಗ. ನೀರಿನ ಕೊಡಗಳನ್ನು ಹೊರಗೆ ಸಾಗಿಸಿದರು. ಬಾಗಿಲಿಗೆ ಎರಡೆರಡು ಕೀಲಿ. ಒಂದರ ಚಾವಿ ಇವರ ಬಳಿ, ಇನ್ನೊಂದರದು ಮೋದಿನಸಾಬನ ಬಳಿ.

ಮೋದಿನಸಾಬ ಅವರ ಸಾಲೆಯ ಗೆಳೆಯ. ಪೆಂಡಾಲು, ಕುರ್ಚಿ, ದೀಪ ಬಾಡಿಗೆಗೆ ಕೊಡುವವನು. ಅದೇ ಓಣಿಯಲ್ಲಿ ಮನೆ. ಆ ಏಳರಲ್ಲಿ ಅವನ ಮನೆಯೂ ಒಂದು.

"ನನಗ್ಯಾಕಪ್ಪಾ ಚಾವಿ?" ಎಂದ ಮೋದಿನಸಾಬ.

"ಒಬ್ಬನs ಎಂದೂ ತೆಗೀಬಾರದು. ಇಬ್ರು ಇರಬೇಕು. ಎರಡನೇದಾವ ಮನಿಯಾವ ಇರಬಾರದು."

"ನನ್ನ ಮನೀ ಖೋಲಿಗಿ ನಾನs ಹೊರಗಿನಾವ ಆದ್ನೆಲ್ಲೋ ಅಂದಾನಿ!"

ಬಾಗಿಲ ಸಂದಿಗೆ ಕಾಗದದ ಪಟ್ಟಿ ಅಂಟಿಸಿ, ಅದರ ಮೇಲೆ ಇಬ್ಬರೂ ಸಹಿ ಹಾಕಿದರು. ಅಂದಾನಪ್ಪನವರು ಹಿಂದೆ ಸರಿದು ನಿಂತು ನೋಡಿದರು. ಮೂವತ್ತು ವರ್ಷದಲ್ಲಿ ಇಷ್ಟು ಚೆಂದದ ಉಗ್ರಾಣವನ್ನು ಅವರು ಎಲ್ಲೂ ಕಂಡಿರಲಿಲ್ಲ.

ಪಡಸಾಲೆಯ ಕಂಬಕ್ಕೆ ಒರಗಿ ನಿಂತಿದ್ದ ಕಳಕವ್ವ ಕೇಳಿದಳು: "ಹಿಂದ ನೋಡೀರಿಲ್ಲೋ?"

"ಮೋದಿನ ನೋಡ್ಯಾನ."

ಅದೇ ಹೊತ್ತಿಗೆ ಆಚೆ ಮೋದಿನಸಾಬನ ಹೆಂಡತಿ ಲಾಲಬಿ ಅದನ್ನೇ ಕೇಳಿದಳು. "ಅಂದಾನಿ ನೋಡಿರ್ತಾನ" ಎಂದ ಮೋದಿನಸಾಬ. ಹಿಂದೆ ಅಂದರೆ ಹಿತ್ತಲು. ಹೆಂಗಸರು ನೀರು ಕಾಯಿಸುವ, ತಲೆ ಬಾಚುವ, ಓಣಿಯ ಸುದ್ದಿ ಹಂಚಿಕೊಳ್ಳುವ ಜಾಗ. ಅಲ್ಲಿಗೆ ಗಂಡಸರು ಕಾಲಿಡುವುದು ಶೋಭೆಯಲ್ಲ ಎಂದು ಇಬ್ಬರೂ ಸಣ್ಣವರಿದ್ದಾಗಿನಿಂದ ಕಲಿತಿದ್ದರು. ಮದುವೆಯಾದಾಗಿನಿಂದ ಕಳಕವ್ವ ಗಂಡನಿಗೆ ಒಂದು ಪ್ರಶ್ನೆಯನ್ನು ಒಂದೇ ಸಲ ಕೇಳುತ್ತಿದ್ದಳು.

ಮದುವೆಯ ಬೆಳಗು. ಗಜೇಂದ್ರಗಡದ ಬೀಗರು ಹೊತ್ತು ಏರಿದ ಮೇಲೆ ಬರಬೇಕು. ಕುರ್ಚಿ ಸಾಲುವುದಿಲ್ಲವೆಂದು ಮೋದಿನಸಾಬ ಗಾಡಿ ತೆಗೆದುಕೊಂಡು ನರಗುಂದದ ಕಡೆ ಹೋದ. ಅವನು ಊರು ದಾಟಿ ಒಂದು ತಾಸಾಗಿರಬಹುದು, ಓಣಿಯ ತುದಿಯಲ್ಲಿ ಎರಡು ಬಸ್ಸುಗಳು ಹಾರ್ನ್ ಹೊಡೆಯುತ್ತ ಬಂದು ನಿಂತವು. ಕಳಕೇಶನ ತಂದೆಗೆ ಗಜೇಂದ್ರಗಡದಲ್ಲಿ ಸೀರೆಯ ಅಂಗಡಿ. ಎಲ್ಲಿಗೇ ಹೋಗಲಿ, ಹೇಳಿದ ಹೊತ್ತಿಗಿಂತ ಮೊದಲೇ ತಲುಪುವುದು ತಮ್ಮ ಘನತೆಯ ಗುರುತೆಂದು ನಂಬಿದವರು. ಅವರಿಂದಾಗಿ ಎಷ್ಟೋ ಮನೆಗಳಲ್ಲಿ ಯಜಮಾನರು ಟಾವೆಲ್ಲು ಸುತ್ತಿಕೊಂಡೇ ಅತಿಥಿಗಳನ್ನು ಎದುರುಗೊಂಡಿದ್ದುಂಟು.

ಕಾಲಿಗೆ ನೀರು ಕೊಟ್ಟದ್ದಾಯಿತು. ಪೆಂಡಾಲಿನಲ್ಲಿ ಕೂಡಿಸಿದ್ದಾಯಿತು. ನಿರ್ಮಲಾ ಉಪ್ಪಿಟ್ಟು ಸಿದ್ಧ ಮಾಡಿದ್ದಳು. ಆದರೆ ಸಿಹಿಯಿಲ್ಲದೆ ಉಪ್ಪಿನ ತಾಟು ಬೀಗರ ಮುಂದೆ ಇಡುವ ಹಾಗಿಲ್ಲ. ಬಸವಪ್ರಸಾದ ಓಡುತ್ತ ಬಂದ.

"ಅಣ್ಣಾ, ಉಂಡಿ ತಗಸು, ಲಗೂನ!"

"ಮೋದಿನ ಇಲ್ಲೋ."

"ಮೋದಿನ ಯಾಕ ಬೇಕು? ಉಂಡಿ ಬೇಕು ನನಗ!"

"ಎರಡನೇ ಚಾವಿ ಅವನ ಕಿಸೇದಾಗೈತಿ."

ಬಸವಪ್ರಸಾದನ ಮುಖ ಹತ್ತಿಯ ದರ ಕುಸಿದ ದಿನದಂತಾಯಿತು. ಫೋನ್ ಹಚ್ಚಿದರು. ಮೋದಿನಸಾಬ ಆಗಲೇ ನರಗುಂದದಲ್ಲಿ ಕುರ್ಚಿ ಏರಿಸುತ್ತಿದ್ದ. "ಹೊಂಟೆ ಹೊಂಟೆ, ಹಕ್ಕಿಯಂಗ ಬರ್ತೇನಿ" ಎಂದ. ಕುರ್ಚಿ ತುಂಬಿದ ಗಾಡಿ ಹಕ್ಕಿಯಂತೆ ಬರುವುದು ಹೇಗೆಂದು ಯಾರೂ ಕೇಳಲಿಲ್ಲ.

"ಕೀಲಿ ಒಡೀತೇನಿ, ಕಲ್ಲು ಕೊಡ್ರಿ!" ಎಂದ ಬಸವಪ್ರಸಾದ.

ಅಂದಾನಪ್ಪನವರು ಬಾಗಿಲಿಗೆ ಅಡ್ಡ ನಿಂತರು. "ನಾ ಒಬ್ಬನs ಇದ್ದಾಗ ಸೀಲು ಎಂದೂ ಒಡಿಸಿಲ್ಲೋ ಬಸು. ಮೂವತ್ತ್ ವರ್ಷದಾಗ ಒಮ್ಮೀನೂ ಇಲ್ಲ."

"ಒಳಗಿರೂದು ಯುರೇನಿಯಂ ಅಲ್ಲೋ ಮಾರಾಯಾ, ಬುಂದೇ ಉಂಡಿ!"

ಪೆಂಡಾಲಿನಿಂದ ಕೆಮ್ಮು ಕೇಳಿಸಿತು. ಬೀಗರ ಕೆಮ್ಮು. ಮೊದಲು ಒಂದು, ಆಮೇಲೆ ನಾಲ್ಕೈದು. ಬಸವಪ್ರಸಾದ ಕೈ ಚಾಚಿದ. ಚಾವಿ ಕೊಡು ಎಂದು ಅದರ ಅರ್ಥ. ಅಂದಾನಪ್ಪನವರ ಕೈ ಉಡಿದಾರದ ಕಡೆ ಹೋಯಿತು. ಕುಶನ್ನಿನ ಕುರ್ಚಿ ಕಣ್ಣ ಮುಂದೆ ಬಂತು. ಉಳಿದ ಆಯುಷ್ಯವನ್ನೆಲ್ಲ ಅದರ ಮೇಲೆ ಕೂತು, ಬಂದವರಿಗೆ ಬಕೆಟ್ಟಿನ ಕಥೆ ಹೇಳುತ್ತ ಕಳೆಯುವುದು ಕಂಡಿತು.

ಗಂಟು ಇನ್ನೂ ಬಿಚ್ಚಿರಲಿಲ್ಲ, ಹಿಂದಿನಿಂದ ಕಳಕವ್ವನ ದನಿ ಓಣಿಯ ಮಾಳಿಗೆಗಳ ಮೇಲೆ ಹಾದುಹೋಯಿತು.

"ಏ ಲಾಲಬೀ! ಏ ನಿರ್ಮಲಾ! ಹಿತ್ತಲ ಬಾಗಲಾ ತಗೀರ್ರೇ!"

ಏಳೂ ಒಳಕೋಣೆಗಳಿಗೆ ಹಿತ್ತಲ ಕಡೆ ಒಂದೊಂದು ಗಿಡ್ಡ ಬಾಗಿಲಿತ್ತು. ಅದಕ್ಕೆ ಎರಡು ಕೀಲಿ ಹಾಗಿರಲಿ, ಒಂದು ಚಿಲಕವೂ ನೆಟ್ಟಗಿರಲಿಲ್ಲ. ಕೆಲವಕ್ಕೆ ಹಗ್ಗ ಸುತ್ತಿತ್ತು, ಲಾಲಬಿಯ ಮನೆಯದಕ್ಕೆ ಒರಳುಕಲ್ಲು ಒರಗಿಸಿತ್ತು. ಹಗ್ಗ ಬಿಚ್ಚಿತು, ಕಲ್ಲು ಸರಿಯಿತು.

ಅಂದಾನಪ್ಪನವರಿಗೆ ಕಂಡದ್ದು ಓಣಿಯ ತಿರುವಿನಲ್ಲಿ ಮೊದಲ ಪರಾತ. ಅದು ಲಾಲಬಿಯ ತಲೆಯ ಮೇಲಿತ್ತು. ಮೇಲೆ ಮಡಿಯ ಹೊದಿಕೆ. ಅವಳ ಹಿಂದೆ ನಿರ್ಮಲಾ, ಅವಳ ಹಿಂದೆ ಅವಳ ತಂಡ, ಆಚೆಯ ಹಿತ್ತಲಿನಿಂದ ಇನ್ನಷ್ಟು ಹೆಂಗಸರು. ಎಡಗಡೆಯ ಸಂದಿಯಿಂದ ಹೋಳಿಗೆ, ಬಲಗಡೆಯ ಸಂದಿಯಿಂದ ಉಂಡಿ. ಎರಡೂ ಸಾಲು ಪೆಂಡಾಲಿನ ಮುಂದೆ ಕೂಡಿಕೊಂಡವು. ತಲೆಯ ಮೇಲೆ ಬುತ್ತಿ ಹೊತ್ತ ಹೆಂಗಸರ ಸಾಲು ಕಂಡರೆ ಸುಮ್ಮನಿರುವ ವಾದ್ಯದವನು ಈ ಸೀಮೆಯಲ್ಲಿ ಹುಟ್ಟಿಲ್ಲ. ಸನಾದಿಯವನು ಚಹಾದ ಲೋಟ ಕೆಳಗಿಟ್ಟು ಊದಿಯೇ ಬಿಟ್ಟ. ಹಲಗೆಯವನು ಜೊತೆಗೂಡಿದ. ಓಣಿಗೆ ಓಣಿಯೇ ಎದ್ದು ನಿಂತಿತು.

ಕಳಕೇಶನ ತಾಯಿ ಎದೆಯ ಮೇಲೆ ಕೈಯಿಟ್ಟುಕೊಂಡು ಎದ್ದರು. "ಅಯ್ಯ ನಮ್ಮವ್ವಾ! ಇದೇನ್ರೀ ಬೀಗರ, ಬಾಯಿ ಸಿಹಿ ಮಾಡಾಕ ಇಷ್ಟು ಮೆರವಣಿಗೀನ? ನಾವೆಲ್ಲೂ ಕಂಡಿಲ್ಲರೀ ಇಂಥಾ ಮಾನಾ!"

ಬಸವಪ್ರಸಾದನ ಬೆನ್ನು ತಾನೇ ನೆಟ್ಟಗಾಯಿತು. "ನಮ್ಮ ಮನೆತನದ ಪದ್ಧತಿರಿ. ಮುತ್ಯಾನ ಕಾಲದಿಂದ ಬಂದೈತಿ. ಓಣಿಯ ಪ್ರತಿ ಮನಿಯಿಂದ ಬೀಗರಿಗಿ ಸಿಹಿ ಬರಬೇಕು."

ಬೀಗರು ತಲೆದೂಗಿದರು. ಉಂಡಿ ಹಂಚಿಕೆಯಾಯಿತು. ಎಲ್ಲ ಅಲ್ಲಿಗೆ ಸುಖವಾಗಿ ಮುಗಿಯಬಹುದಿತ್ತು. ಆದರೆ ಅಂದಾನಪ್ಪನವರ ನಾಲಿಗೆ ತುರಿಸತೊಡಗಿತು. ಅವರ ನೌಕರಿಯಲ್ಲಿ ಎಲ್ಲಕ್ಕಿಂತ ದೊಡ್ಡ ನಿಯಮ ಒಂದಿತ್ತು: ಎಡವಟ್ಟಾದರೆ ಮುಚ್ಚಿಡಬಾರದು. ಯಾರಿಗೂ ಪೆಟ್ಟಾಗದಿದ್ದರೂ ಸರಿ, ತಾನೇ ಮುಂದೆ ಬಂದು ಹೇಳಬೇಕು, ಹೇಳಿದರೆ ಮುಂದಿನವನು ಎಚ್ಚರಾಗುತ್ತಾನೆ. ಬಕೆಟ್ಟಿನ ಸಂಗತಿ ಮುಚ್ಚಿಟ್ಟವರನ್ನು ಅವರು ಕ್ಷಮಿಸಿರಲಿಲ್ಲ. ಉಂಡಿಯ ಸಂಗತಿ ಮುಚ್ಚಿಟ್ಟರೆ ತಮ್ಮನ್ನು ತಾವೇ ಹೇಗೆ ಕ್ಷಮಿಸಿಕೊಳ್ಳುವುದು?

"ಬ್ಯಾಡಣ್ಣಾ" ಎಂದ ಬಸವಪ್ರಸಾದ, ಹಲ್ಲು ಕಚ್ಚಿ ನಗುತ್ತಲೇ. "ಕೈ ಮುಗೀತೇನಿ, ಬ್ಯಾಡ."

ಅಂದಾನಪ್ಪನವರು ಎದ್ದು ನಿಂತು ಗಂಟಲು ಸರಿಪಡಿಸಿಕೊಂಡರು. ಸನಾದಿಯವನು ಅದನ್ನು ಭಾಷಣವೆಂದು ತಿಳಿದು ನಿಲ್ಲಿಸಿದ.

"ಬೀಗರ, ಇದು ಪದ್ಧತಿ ಅಲ್ರಿ. ನನ್ನ ತಪ್ಪು. ಉಂಡಿ ಏಳು ಮನ್ಯಾಗ ಇಟ್ಟಾವ ನಾ. ಎರಡೆರಡು ಕೀಲಿ ಹಾಕಿದಾವ ನಾ. ಒಂದು ಚಾವಿ ನರಗುಂದದಾಗೈತಿ. ಹಿತ್ತಲ ಬಾಗಲಾ ನಾ ನೋಡಲಿಲ್ಲ, ಮೋದಿನ ನೋಡ್ಯಾನಂದ್ಕೊಂಡೆ. ಸೀಲು ಇನ್ನೂ ಹಂಗs ಅದಾವು, ಒಳಗ ಸಾಮಾನಿಲ್ಲ. ಕಾರ್ಖಾನ್ಯಾಗ ಹಿಂಗಾಗಿದ್ರ ನಾ ಅದನ್ನ ಬಂದ್ ಮಾಡ್ಸತಿದ್ದೆ."

ಬಸವಪ್ರಸಾದ ಕಣ್ಣು ಮುಚ್ಚಿಕೊಂಡ. ಸೀರೆ ಅಂಗಡಿಯ ಬೀಗರು ಅರ್ಧ ಕಚ್ಚಿದ ಉಂಡಿಯನ್ನು ಕೈಯಲ್ಲಿ ಹಿಡಿದೇ ಹೆಂಡತಿಯ ಮುಖ ನೋಡಿದರು. ಆಕೆ ನಗು ತಡೆಯಲಾರದೆ ಸೆರಗು ಬಾಯಿಗೊತ್ತಿಕೊಂಡಿದ್ದರು. ಆಮೇಲೆ ಸೆರಗೂ ಸಾಲಲಿಲ್ಲ.

"ಹಂಗಾದ್ರ ಪದ್ಧತಿ ಹುಟ್ಟೂದನ್ನ ನಾವs ಕಣ್ಣಾರೆ ನೋಡಿದ್ವಿ ಅನ್ರಿ! ಮುತ್ಯಾನ ಕಾಲದ್ದು ಯಾರಿಗಿ ಬೇಕು, ಇದು ನಮ್ಮ ಕಾಲದ್ದು! ನಮ್ಮ ಸಣ್ಣ ಮಗನ ಮದುವ್ಯಾಗೂ ಹಿಂಗs ಆಗಬೇಕು. ಹಿತ್ತಲದಿಂದನs ಬರಬೇಕು, ಮತ್ತ!"

ನಗು ಪೆಂಡಾಲಿನ ಈ ತುದಿಯಿಂದ ಆ ತುದಿಗೆ ಹರಿಯಿತು. ಯಾರೋ ಇನ್ನೊಂದು ಉಂಡಿ ಕೇಳಿದರು. ಅಂಗಡಿಯ ಬೀಗರು ತಮ್ಮ ಗಾಂಭೀರ್ಯವನ್ನು ಕಾಪಾಡಿಕೊಳ್ಳಲು, "ನಾವೂ ಸ್ವಲ್ಪ ಲಗೂನ ಬಂದ್ವಿ ಅನ್ನಸ್ತೈತಿ" ಎಂದು ಒಪ್ಪಿಕೊಂಡರು. ಅವರ ಮನೆಯವರು ಆ ಮಾತನ್ನು ಅವರ ಬಾಯಲ್ಲಿ ಕೇಳಿದ್ದು ಅದೇ ಮೊದಲು.

ಅರಿಸಿನ ಹಚ್ಚಿದ ಮುಖದಲ್ಲಿ ಉಮಾಶ್ರೀ ಬಾಗಿಲಲ್ಲಿ ನಿಂತಿದ್ದಳು. ದೊಡ್ಡಪ್ಪನ ತೋಳು ಹಿಡಿದುಕೊಂಡಳು.

"ದೊಡ್ಡಪ್ಪಾ, ಒಂದ್ ಮಾತು ಕೇಳ್ಲಿ? ಕಾರ್ಖಾನಿ ನಡಸಾವ್ರು ಬ್ಯಾರೆ, ತಪಾಸ ಮಾಡಾವ್ರು ಬ್ಯಾರೆ ಇರಬೇಕಂತ ನೀನs ನನಗ ಹೇಳಿದ್ದಿ. ಇಲ್ಲಿ ಚಾವಿನೂ ನಿನ್ನ ಕಡೆ, ತಪಾಸೂ ನಿನ್ನ ಕಡೆ. ನಿನ್ನ ತಪಾಸ ಮಾಡಾಕ ಯಾರದಾರ?"

ಇಷ್ಟು ದಿನ ಪ್ರತಿ ಕಾರ್ಖಾನೆಯಲ್ಲೂ ಅಂದಾನಪ್ಪನವರು ಹುಡುಕುತ್ತಿದ್ದ ಮೊದಲ ದೋಷವೇ ಇದು. ತಿರುಗಿ ನೋಡಿದರೆ ಕಳಕವ್ವ ಕಂಬಕ್ಕೆ ಒರಗಿ ನಿಂತಿದ್ದಳು. 'ಹಿಂದ ನೋಡೀರಿಲ್ಲೋ' ಎಂದು ಕೇಳಿದಾಗಲೂ ಅದೇ ಕಂಬಕ್ಕೆ ಒರಗಿದ್ದಳು.

ಅವರು ಉಡಿದಾರದ ಗಂಟು ಬಿಚ್ಚಿದರು. ಬಸವಪ್ರಸಾದ ಅಭ್ಯಾಸದಿಂದ ಕೈ ಮುಂದೆ ಮಾಡಿದ. ಅವರು ಅದನ್ನು ದಾಟಿ ಹೋಗಿ ಹೆಂಡತಿಯ ಕೈಯಲ್ಲಿ ಚಾವಿಗಳನ್ನಿಟ್ಟರು.

"ಉಗ್ರಾಣ ನಿಂದು. ನಾ ಬರೇ ಕೇಳಾವ."

"ಕೇಳ್ರಿ, ಕೇಳ್ರಿ" ಎಂದಳು ಕಳಕವ್ವ, ಚಾವಿಯನ್ನು ಸೆರಗಿಗೆ ಗಂಟು ಹಾಕುತ್ತ. "ಹಿತ್ತಲಕ್ಕ ಬಂದು ಕೇಳ್ರಿ."

ಅಂದಾನಪ್ಪನವರಿಗೆ ಏನೋ ಹಗುರಾಯಿತು. ಚಾವಿ ಸೊಂಟದಲ್ಲಿದ್ದಷ್ಟೂ ದಿನ ಅವರಿಗೆ ಊಟ ರುಚಿಸಿರಲಿಲ್ಲ. ಈಗ ಮನಸ್ಸು ಬಂದ ಕಡೆ ಹೋಗಬಹುದು, ಎಲ್ಲಿ ಬೇಕಾದರೂ ನಿಂತು "ಇದು ಇಲ್ಯಾಕೈತಿ?" ಎನ್ನಬಹುದು. ಅವರು ಹುಟ್ಟಿದ್ದೇ ಅದಕ್ಕೆ.

ಅಕ್ಕಿಕಾಳು ಬಿದ್ದ ಮೇಲೆ ಮೋದಿನಸಾಬ ಬೆವರು ಸುರಿಸುತ್ತ ಬಂದಿಳಿದ. ಕೈಯಲ್ಲಿ ಚಾವಿಯ ಗೊಂಚಲು. ಎಲ್ಲರ ಬಾಯಲ್ಲಿ ಉಂಡಿ ಕಂಡು ಅವನಿಗೆ ದಿಗಿಲಾಯಿತು.

"ಒಡದ್ರೇನೋ?"

"ಇಲ್ಲೋ. ಸೀಲು ಹಂಗs ಅದಾವು. ಬಾ, ಇಬ್ರೂ ಕೂಡೇ ತಗಿಯೂಣು."

ಕಳಕವ್ವನಿಂದ ಮದುವೆಮನೆಯ ಒಳಕೋಣೆಯ ಚಾವಿಯೊಂದನ್ನು ತರಿಸಿಕೊಂಡು ಇಬ್ಬರೂ ಗಂಭೀರವಾಗಿ ಹೋಗಿ, ಸಹಿ ಪರೀಕ್ಷಿಸಿ, ಪಟ್ಟಿ ಹರಿದು, ಎರಡೂ ಕೀಲಿ ತೆಗೆದರು. ಒಳಗೆ ಸುಣ್ಣದ ಗೆರೆಗಳು ಬಿಕೋ ಎನ್ನುತ್ತಿದ್ದವು. ನಡುವಿನ ಗೆರೆಯಲ್ಲಿ ಮಾತ್ರ ಒಂದು ಉಂಡಿ ಕೂತಿತ್ತು. ಯಾರು ಬಿಟ್ಟು ಹೋಗಿದ್ದರೆಂಬುದನ್ನು ಕೇಳುವ ಅಗತ್ಯವಿರಲಿಲ್ಲ.

ಮೋದಿನಸಾಬ ಬಗ್ಗಿ ನೋಡಿದ. "ಒಂದ್ ಗೆರಿಯಾಗ ಒಂದು. ಸುತ್ತಲೂ ಅಂತರ ಬರೋಬರಿ. ನೀರಿಲ್ಲ. ಎಲ್ಲಾ ನಿಯಮದ ಪ್ರಕಾರ ಐತಿ ನೋಡೋ ಅಂದಾನಿ."

ಅಂದಾನಪ್ಪನವರು ಉಂಡಿಯನ್ನು ಎರಡು ಹೋಳು ಮಾಡಿದರು. ತಿನ್ನುತ್ತಲೇ ಗಿಡ್ಡ ಬಾಗಿಲಿನ ಕಡೆ ನಡೆದರು. ಗೆಳೆಯ "ಏ, ಅಲ್ಲಿ ಹೆಣ್ಮಕ್ಳು ಅದಾರೋ" ಎನ್ನುವಷ್ಟರಲ್ಲಿ ಬಗ್ಗಿ, ಸಾಕಷ್ಟು ಬಗ್ಗದೆ, ಚೌಕಟ್ಟಿಗೆ ಹಣೆ ಬಡಿಸಿಕೊಂಡು ಹಿತ್ತಲಿಗೆ ಇಳಿದರು. ಅಲ್ಲಿ ಒಲೆಗಳು ಉರಿಯುತ್ತಿದ್ದವು. ನಿರ್ಮಲಾಳ ತಂಡ ಮಧ್ಯಾಹ್ನದ ಊಟಕ್ಕೆ ಸಜ್ಜಾಗುತ್ತಿತ್ತು. ಕಳಕವ್ವ ನಡುವೆ ನಿಂತು, ಸೆರಗಿನ ಚಾವಿಗಳನ್ನು ಗಿಲಿಗಿಲಿ ಎನ್ನಿಸುತ್ತ ತುಪ್ಪ ಅಳೆದುಕೊಡುತ್ತಿದ್ದಳು.

ನಿರ್ಮಲಾ ಸೌಟು ಅಡ್ಡ ಹಿಡಿದಳು. "ನಿಂದರ್ರಿ ಸಾಹೇಬ್ರ. ಕೈ ತೋರಿಸ್ರಿ."

ಅಂದಾನಪ್ಪನವರು ಎರಡೂ ಅಂಗೈ ಚಾಚಿದರು. ಬೆರಳ ತುಂಬ ಉಂಡಿಯ ಪಾಕ.

"ಅಂಟೇತಿ" ಎಂದಳು ನಿರ್ಮಲಾ. "ಹೊರಗ ಬಿಡಾಕ ಬರೂದಿಲ್ಲ. ಇಲ್ಲೇ ಕುಂತು ಕಾಯಿಪಲ್ಲೆ ಹೆಚ್ರಿ."

ಕುರ್ಚಿ ಯಾರೂ ಕೊಡಲಿಲ್ಲ. ಅವರು ಖುಷಿಯಿಂದ ನೆಲದ ಮೇಲೆ ಕೂತು ಈಳಿಗೆಮಣೆ ಎಳೆದುಕೊಂಡರು.